ಹರಿಗೋಲಿನ ಬುದ್ಧಿ ಸಮುದ್ರದಲ್ಲಿ

ನಂಜನಗೂಡಿನಲ್ಲಿ ನರಸೀಪುರದ ಬಸ್ಸು ಹತ್ತಿ ಕೂತಿದ್ದೆ. ಮುಂದಿನ ಸೀಟಿನ ಹೆಂಗಸು ನಿಂಬೆಹಣ್ಣು ಗೀರಿ ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. ಆ ವಾಸನೆಗೆ ನನಗೆ ನಗು ಬಂತು. ನಿಂಬೆಹಣ್ಣಿಗೆ ಯಾರಾದರೂ ನಗುತ್ತಾರೆಯೇ ಅನ್ನಬೇಡಿ, ಕೇಳಿ.

ಹೋದ ವರ್ಷ ಮೊಮ್ಮಗಳು ಸವಿತಾ ಸಮುದ್ರದ ತಳಕ್ಕೆ ಇಳಿಯುತ್ತೇನೆ ಎಂದು ಹಟ ಹಿಡಿದಳು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮೀನು ನೋಡುವುದಂತೆ. ಮೀನು ನೋಡಲು ನರಸೀಪುರದ ಸಂತೆ ಸಾಲದೇ ಅಂದೆ. ಕೇಳಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ವರ್ಷವಿಡೀ ಕಂಪ್ಯೂಟರ್ ಕುಟ್ಟಿ, ಒಂದೊಂದೇ ರಜೆ ಉಳಿಸಿಕೊಂಡು ಇದಕ್ಕೇ ಕಾದವಳು. ಜೊತೆಗೆ ನಾನೂ ಹೊರಟೆ. ನೀರಿನ ವಿಷಯ ನನ್ನ ಬಿಟ್ಟರೆ ಯಾರಿಗೆ ಗೊತ್ತು? ತವರಿಗೂ ಕೊಟ್ಟ ಊರಿಗೂ ನಡುವೆ ಹೊಳೆ. ಸೇತುವೆ ಬರುವ ತನಕ ಹರಿಗೋಲಿನಲ್ಲೇ ಓಡಾಡಿದವಳು. ಅದಕ್ಕೆ ನಮ್ಮ ಮನೆಯಲ್ಲಿ ಎರಡು ಕಟ್ಟಳೆ: ಹಸಿದು ಹತ್ತಬಾರದು, ಹೆಂಗಸರು ನೀರು ನೋಡಬಾರದು. ನೋಡಿದರೆ ಗಂಗಮ್ಮ ಕರೆಯುತ್ತಾಳೆ.

ಅದನ್ನೇ ಮಾಡಿಸಿದೆ. ಬೆಳಿಗ್ಗೆ ಹೊಟ್ಟೆ ಬಿರಿಯುವಷ್ಟು ಮೊಸರನ್ನ, ಮೇಲೆ ನಾಲ್ಕು ರಸಬಾಳೆ. ದೋಣಿ ಹೊರಟ ಕೂಡಲೇ ಇಬ್ಬರೂ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆವು. ಹರಿಗೋಲು ಸುತ್ತುತ್ತದೆ, ಸರಿ. ಈ ದೋಣಿ ಮೊರದಲ್ಲಿ ಕೇರಿದ ಹಾಗೆ ಎತ್ತಿ ಎತ್ತಿ ಹಾಕಿತು. ರಸಬಾಳೆ ಹೋದ ದಾರಿಯಲ್ಲೇ ವಾಪಸು ಬಂತು. ಮೊದಲು ಅವಳದು, ಆಮೇಲೆ ನನ್ನದು.

ಹೀಗೇ ವಾಂತಿಯಾದರೆ ಹುಡುಗಿಯನ್ನು ನೀರಿಗೆ ಇಳಿಸುವುದಿಲ್ಲ ಎಂದುಬಿಟ್ಟ ದೋಣಿಯವನು.

"ಅಜ್ಜಿ, ನಿನ್ ಮಾತ್ ಕೇಳ್ದೆನಲ್ಲಾ, ನನ್ ಕೆರ ತಕಂಡು ನಾನೇ ಒಡ್ಕಬೇಕು" ಅಂದಳು ಸವಿತಾ.

ಅವನು ನಿಂಬೆಹಣ್ಣು ಹೆಚ್ಚಿ ಇಬ್ಬರ ಮೂಗಿಗೂ ಹಿಡಿದ. "ಕಣ್ಣು ಯಾಕೆ ಮುಚ್ಚಿದ್ದು? ಬಿಡಿ ಅಮ್ಮಾ. ದೂರ ನೀರಿನ ನಡುವೆ ಗುಡ್ಡ ಉಂಟಲ್ಲ, ನಾವು ಹೋಗುವುದು ಅಲ್ಲಿಗೇ, ಅದನ್ನೇ ನೋಡಿ."

ಹಲ್ಲಿಲ್ಲದ ಮುದುಕಿಯನ್ನು ಕರೆದು ಗಂಗಮ್ಮ ಏನು ಮಾಡಿಯಾಳು ಎಂದು ಮೊದಲು ನಾನೇ ಕಣ್ಣು ಬಿಟ್ಟೆ. ಗುಡ್ಡ ಅಲುಗದೆ ಕೂತಿತ್ತು. ಸ್ವಲ್ಪ ಹೊತ್ತಿಗೆ ಹೊಟ್ಟೆಯೂ ಕೂತಿತು.

"ಬುಡಮ್ಮಿ ಕಣ್ಣ. ನಾನ್ ಯೋಳಿದ್ದು ತಪ್ಪು."

ಆಯಸ್ಸಿನಲ್ಲಿ ನಾನು ಹಾಗೆ ಅಂದದ್ದು ಅದೊಂದೇ ಸಲ. ಗಾಬರಿಗೇ ಅವಳು ಕಣ್ಣು ಬಿಟ್ಟಳು.

ಗುಡ್ಡ ಮುಟ್ಟುವ ಹೊತ್ತಿಗೆ ಅವಳ ಮುಖಕ್ಕೆ ಕಳೆ ಬಂದಿತ್ತು. ನೀರಿಗೆ ಇಳಿದಳು. ಮೇಲೆ ಬಂದು, ಒಂದು ಹಿಂಡು ಹಳದಿ ಮೀನು ನೋಡಿದೆ ಅಂದಳು. ನಮ್ಮ ರಸಬಾಳೆ ತಿಂದವಿರಬೇಕು ಅಂದೆ. ದಡ ಸೇರುವ ತನಕ ನಕ್ಕೆವು.

ಬಸ್ಸು ನಮ್ಮ ಹೊಳೆಯ ಸೇತುವೆಗೆ ಬಂತು. ಸೇತುವೆ ಕಟ್ಟಿದ ಮೇಲೂ ಹಳೇ ಅಭ್ಯಾಸಕ್ಕೆ ಕಣ್ಣು ಮುಚ್ಚುತ್ತಿದ್ದವಳು ನಾನು. ಮುಂದಿನವಳ ಭುಜ ತಟ್ಟಿ, ಕಣ್ಣು ಬಿಟ್ಟು ದೂರ ನೋಡು ಅಂದೆ. ನಾನೂ ನೋಡಿದೆ. ಇಷ್ಟು ವರ್ಷ ದಾಟಿದ ಹೊಳೆ. ಇಷ್ಟು ಅಗಲವೆಂದು ಗೊತ್ತೇ ಇರಲಿಲ್ಲ.