ಮೊಮ್ಮಗಳ ಕಂಪ್ಯೂಟರಿನಲ್ಲಿ ನಾನು ಎರಡು ಸಲ ಸತ್ತೆ

ನಡೆದದ್ದು ಇಷ್ಟೇ. ನನ್ನ ಮೊಮ್ಮಗಳು ಸವಿತಾ ಕಂಪ್ಯೂಟರಿನಲ್ಲಿ ನನ್ನನ್ನು ಸಾಯಿಸಿದಳು, ಆ ಸುದ್ದಿ ನನಗೇ ಬಂದು ಮುಟ್ಟಿತು. ಉಳಿದದ್ದೆಲ್ಲ ನನ್ನ ಓಡಾಟ.

ಹೋದ ವರ್ಷ ಶ್ರಾವಣದ ಒಂದು ಸೋಮವಾರ. ಮೂಡಲಗಿಯ ನಮ್ಮ ಓಣಿಯ ಹಿಟ್ಟಿನ ಗಿರಣಿಯಲ್ಲಿ ಜೋಳದ ಡಬ್ಬಿ ಇಟ್ಟುಕೊಂಡು ಪಾಳಿ ಕಾಯುತ್ತಿದ್ದೆ. ಮೊಬೈಲ್ ಗುರ್ ಅಂದಿತು. ನಾನು ಕಲಿತದ್ದು ನಾಲ್ಕನೇ ಇಯತ್ತೆ, ಆದರೂ ಕನ್ನಡ ಕೂಡಿಸಿಕೊಂಡು ಓದುತ್ತೇನೆ. ‘ಪ್ರಿಯ ಗಂಗವ್ವ, ಕಾರ್ಡುದಾರರ ಮರಣದ ಕಾರಣ ನಿಮ್ಮ ಕಾರ್ಡನ್ನು ಮುಚ್ಚಲಾಗಿದೆ. ಧನ್ಯವಾದಗಳು.’ ಎರಡು ಸಲ ಓದಿದೆ. ನಂಬಿಕೆ ಬರದೆ ಗಿರಣಿಯ ಬಸಪ್ಪನ ಕೈಗೆ ಕೊಟ್ಟೆ. ಅವನೂ ಅದನ್ನೇ ಓದಿದ.

“ಏನ್ರಿ ಆಯಿ, ಸತ್ತ ಮ್ಯಾಲೂ ಜ್ವಾಳ ಬೀಸಾಕ ಬಂದೀರೇನ್ರಿ?” ಎಂದು ನಕ್ಕ.

“ಬಾಯಿ ಮುಚ್ಚಿ ಬೀಸಿಡೊ,” ಎಂದು ಡಬ್ಬಿ ಅಲ್ಲೇ ಬಿಟ್ಟು ಬಸ್ ನಿಲ್ದಾಣಕ್ಕೆ ನಡೆದೆ.

ಅದು ನಗುವ ಮಾತಾಗಿರಲಿಲ್ಲ. ಹುಕ್ಕೇರಿಯಲ್ಲಿರುವ ನನ್ನ ಅಕ್ಕನನ್ನು ಒಮ್ಮೆ ಯಾರೋ ಕಾಗದದಲ್ಲಿ ಸತ್ತಳೆಂದು ಬರೆದುಬಿಟ್ಟಿದ್ದರು. ಪಿಂಚಣಿ ನಿಂತಿತು. ಮತ್ತೆ ಬದುಕಲು ಆಕೆಗೆ ಎಂಟು ತಿಂಗಳು ಹಿಡಿಯಿತು. ಎದುರಿಗೆ ನಿಂತು ‘ನಾನ ರಿ ಆಕಿ’ ಎಂದರೂ ‘ಪುರಾವೆ ತರ್ರಿ’ ಎನ್ನುತ್ತಿದ್ದರಂತೆ. ನನ್ನ ಪಿಂಚಣಿ ತೆಗೆಯುವುದೂ ಇದೇ ಕಾರ್ಡಿನಿಂದ. ಅಕ್ಕನಂತೆ ಅಲೆಯಲು ನನ್ನ ಮೊಣಕಾಲಿನಲ್ಲಿ ಶಕ್ತಿ ಇಲ್ಲ.

ಬ್ಯಾಂಕು ಗೋಕಾಕಿನಲ್ಲಿದೆ. ಬಸ್ಸಿನಲ್ಲಿ ಕುಳಿತು ಸವಿತಾಗೆ ಫೋನ್ ಹಚ್ಚಿದೆ. ಅವಳು ಮನೆಯಲ್ಲೇ ಕುಳಿತು ಒಂದು ಕಂಪನಿಯ ಕೆಲಸ ಮಾಡುತ್ತಾಳೆ, ಕೆಲಸದ ಹೊತ್ತಿನಲ್ಲಿ ಫೋನ್ ಎತ್ತುವುದಿಲ್ಲ. ಅಷ್ಟರಲ್ಲಿ ಇನ್ನೊಂದು ಮೆಸೇಜು ಬಂತು: ‘ಪ್ರಿಯ ಗಂಗವ್ವ, ನಿಮ್ಮ ಹೊಸ ಕಾರ್ಡ್ ಸಿದ್ಧವಾಗಿದೆ.’ ನಾಲ್ಕು ಹೊಲ ದಾಟುವುದರೊಳಗೆ ಮತ್ತೊಂದು: ‘ನಿಮ್ಮ ಕಾರ್ಡ್ ಕಳೆದುಹೋಗಿದೆ ಎಂದು ದಾಖಲಾಗಿದೆ.’ ಸೊಂಟದ ಚಂಚಿಗೆ ಕೈ ಹಾಕಿ ನೋಡಿದೆ. ಕಾರ್ಡು ಇತ್ತು. ಸೀಟಿನಲ್ಲಿ ಕೂಡಲಾಗದೆ ಬಾಗಿಲ ಹತ್ತಿರ ಬಂದು ನಿಂತೆ. “ಕುಂಡ್ರಬೇ ಯವ್ವಾ, ಬಿದ್ದೀ!” ಎಂದು ಕಂಡಕ್ಟರ್ ಬೈದ. ಗೋಕಾಕಿನಲ್ಲಿ ಇಳಿಯುವಾಗ ಮತ್ತೆ ಗುರ್ ಅಂದಿತು. ಮತ್ತೆ ಸತ್ತಿದ್ದೆ.

ಬ್ಯಾಂಕಿನಲ್ಲಿ ಪಾಳಿ ಮುರಿದು ಮುಂದೆ ಹೋದೆ. ಹಿಂದಿನವರು ಒದರಿದರು, ಒದರಲಿ. ಅಲ್ಲಿ ಕುಳಿತಿದ್ದ ಹೆಣ್ಣುಮಗಳು ಕಾರ್ಡು ತಿರುಗಿಸಿ ನೋಡಿ, ಕಂಪ್ಯೂಟರ್ ನೋಡಿ, “ಚಾಲೂನ ಐತ್ರಿ ಆಯಿ. ಈ ಮೆಸೇಜ್ ನಮ್ಮದಲ್ರಿ,” ಎಂದಳು.

“ಹಂಗಾದ್ರ ನಾ ಜೀವಂತ ಅದೇನಿ ಅಂತ ಬರದ ಕೊಡ್ರಿ.”

“ಹಂಗ ಬರದ ಕೊಡಾಕ ಬರೂದಿಲ್ರಿ.”

“ಸತ್ತೀರಿ ಅಂತ ಕಳಸಾಕ ಬರತೈತಿ, ಬದುಕೀರಿ ಅಂತ ಬರಿಯಾಕ ಬರೂದಿಲ್ಲ?”

ಆಕೆ ಕಾರ್ಡು ನನ್ನ ಕೈಗಿಟ್ಟು ಹಿಂದಿನವರನ್ನು ಕರೆದಳು. ಬರಿಗೈಯಲ್ಲಿ ಬಸ್ ಹತ್ತಿದೆ.

ಮನೆಗೆ ಬಂದು ನೋಡಿದರೆ ಸವಿತಾ ಕಂಪ್ಯೂಟರ್ ಮುಂದೆ ಕುಳಿತಿದ್ದಾಳೆ, ಪರದೆಯ ಮೇಲೆ ನನ್ನ ಹೆಸರು! ಮೊಬೈಲನ್ನು ಅವಳ ಮುಂದೆ ಇಟ್ಟೆ. ಅವಳ ಮುಖ ಇಳಿಯಿತು.

ಆಮೇಲೆ ತಿಳಿಸಿ ಹೇಳಿದಳು. ಬ್ಯಾಂಕಿನ ಕಂಪ್ಯೂಟರು ಕಾರ್ಡಿನ ಕಂಪ್ಯೂಟರಿಗೆ ‘ಹೊಸ ಕಾರ್ಡು ಕೊಡು, ಇದನ್ನು ಮುಚ್ಚು’ ಎಂದು ಹೇಳುವ ದಾರಿಗೆ ಎಪಿಐ ಎನ್ನುತ್ತಾರಂತೆ. ಹೇಳಿದ್ದನ್ನು ಅದು ಸರಿಯಾಗಿ ಕೇಳುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವುದೇ ಅವಳ ಕೆಲಸ. ಖರೇ ಕಾರ್ಡಿನ ಮೇಲಲ್ಲ, ಸ್ಯಾಂಡ್‌ಬಾಕ್ಸ್ ಎಂಬ ಬೇರೆ ಜಾಗದಲ್ಲಿ.

“ಹುಡುಗ್ರು ಉಸುಕಿನ್ಯಾಗ ಮನಿ ಕಟ್ಟಿ ಆಡತಾವಲ್ಲ ಆಯಿ, ಹಂಗ. ಅಲ್ಲಿ ಯಾರೂ ಖರೇನ ಸಾಯೂದಿಲ್ಲ.”

“ನನ್ನ ಹೆಸರ ಯಾಕ ಹಾಕಿದಿ?”

“ಮೊದಲನೇ ಕಾರ್ಡ ನಿನ್ನ ಹೆಸರಲೇ ಇರ್ಲಿ ಅಂತ...”

ಇದು ನಮ್ಮ ಮನೆಯ ರೂಢಿ. ಹೊಸದೇನೇ ಶುರುವಾಗಲಿ, ಹಿರಿಯಳ ಹೆಸರು ಮೊದಲು. ಬಿತ್ತುವಾಗ ಮೊದಲ ಹಿಡಿ ಕಾಳು ನನ್ನ ಕೈಯಿಂದಲೇ ಬೀಳಬೇಕು. ರೂಢಿ ಕಲಿಸಿದವಳೂ ನಾನೇ. ಅದಕ್ಕೆ ಅವಳಿಗೆ ಬೈಯಲಿಲ್ಲ. ಆದರೆ ಇನ್ನೊಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು.

“ಉಸುಕಿನ ಮನಿಯಿಂದ ನನ್ನ ಮೊಬೈಲಿಗೆ ಹೆಂಗ ಬಂತು?”

ಹೆಸರಿನ ಜೊತೆ ನನ್ನ ನಂಬರನ್ನೂ ಹಾಕಿದ್ದಳಂತೆ, ಆದರೂ ಬರಬಾರದಿತ್ತಂತೆ. ಅಲ್ಲಿಯ ಮೆಸೇಜು ಅಲ್ಲೇ ಉಳಿಯಬೇಕಿತ್ತಂತೆ.

“ಹಂಗಾದ್ರ ನಿಮ್ಮ ಮ್ಯಾಲಿನವರಿಗೆ ಹೇಳ.”

“ಖರೇ ನಂಬರ್ ಹಾಕಬ್ಯಾಡ್ರಿ ಅಂತ ಮೊದಲ ಹೇಳಿದ್ರು ಆಯಿ. ಗೊತ್ತಾದ್ರ ಕೆಲಸಾ ಹೋಗ್ತೈತಿ. ನಿನ್ನ ಹೆಸರ ಅಳಸಿಬಿಡ್ತೀನಿ, ಮುಗೀತು.”

“ನಿನ್ನಂಗ ಮತ್ಯಾರರ ತಮ್ಮ ಆಯಿ ನಂಬರ್ ಹಾಕಿದ್ರ? ಆಕಿನೂ ಬಸ್ಸಿನ್ಯಾಗ ನಿಂತ ಹೋಗಬೇಕೇನ?”

ಸಂಜೆಯೆಲ್ಲ ನಾನು ಒಳಗೂ ಹೊರಗೂ ತಿರುಗಿದೆ, ತಾಟಿನ ಮುಂದೆ ಕುಳಿತರೂ ರೊಟ್ಟಿ ಇಳಿಯಲಿಲ್ಲ. ಅವಳ ಕೆಲಸ ಹೋದರೆ ಹಾಳು ಮಾಡಿದವಳು ನಾನೇ ಆಗುತ್ತೇನೆ ಎಂಬುದೂ ಗೊತ್ತಿತ್ತು. ಈಗಲೂ ಮೊಬೈಲ್ ಗುರ್ ಅಂದರೆ ನನ್ನ ಕೈ ಮೊದಲು ಚಂಚಿಗೇ ಹೋಗುತ್ತದೆ.

ಮರುದಿನ ಬೆಳಿಗ್ಗೆ ಅವಳ ಮೀಟಿಂಗ್ ಶುರುವಾಗುವ ಹೊತ್ತಿಗೆ ನಾನೂ ಒಂದು ಕುರ್ಚಿ ಎಳೆದುಕೊಂಡು ಅವಳ ಬಾಜೂ ಕುಳಿತೆ. ಪರದೆಯ ಮೇಲಿದ್ದ ಅವರ ಮೇಡಂ, “ಸವಿತಾ, ಯಾರಿವರು?” ಎಂದರು.

“ನಿನ್ನಿ ಎರಡ ಸಲ ಸತ್ತಾಕಿ ನಾನ ರಿ,” ಎಂದು ಮೊಬೈಲನ್ನು ಕ್ಯಾಮೆರಾಕ್ಕೆ ಹಿಡಿದೆ. ಮೇಡಂ ನಗಲಿಲ್ಲ. ಕನ್ನಡಕ ಹಾಕಿಕೊಂಡು, “ಸ್ವಲ್ಪ ಹತ್ತಿರ ಹಿಡೀರಿ ಅಜ್ಜಿ,” ಎಂದರು. ಆಗ ಸವಿತಾ, “ಮೇಡಂ, ತಪ್ಪ ನಂದು,” ಎಂದು ತಾನೇ ಶುರು ಮಾಡಿದಳು. ನಾನು ಎದ್ದು, ಗಿರಣಿಯಲ್ಲಿ ಬಿಟ್ಟುಬಂದಿದ್ದ ಹಿಟ್ಟು ತರಲು ಹೋದೆ.