ಹರಕೆ ಅಂದರೆ ಯಾರೂ ಲಿಫ್ಟ್ ಕೊಡುವುದಿಲ್ಲ

ದಸರಾ ರಜೆಯಲ್ಲಿ ನಮ್ಮ ಬ್ಯಾಗು ಬಸ್ಸಿನಲ್ಲಿ ಹೋಯಿತು. ನಾವು ಗಂಡ ಹೆಂಡತಿ ನಡೆದುಕೊಂಡು ಹೋದೆವು.

ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗನ್ನು ಕಂಡಕ್ಟರ್ ಕೈಗೆ ಕೊಟ್ಟು, ‘ಕೂಟಗಲ್‌ನಲ್ಲಿ ನಮ್ಮ ಭಾಮೈದ ಬಂದು ಇಸ್ಕೋತಾನೆ’ ಅಂದೆ. ಆತ ಬ್ಯಾಗು ನೋಡಿದ. ನಮ್ಮ ಮೈಮೇಲಿದ್ದ ರೇನ್‌ಕೋಟು ನೋಡಿದ. ‘ಸೀಟು ಖಾಲಿ ಐತಲ್ಲ ಸಾರ್, ನೀವೂ ಹತ್ಕಳಿ’ ಅಂದ. ‘ಇಲ್ಲಪ್ಪ, ನಾವು ನಡ್ಕೊಂಡು ಬರ್ತೀವಿ’ ಅಂದೆ. ಬಸ್ಸು ಹೊರಟ ಮೇಲೂ ಬಾಗಿಲಿನಿಂದ ಕತ್ತು ಚಾಚಿ ನಮ್ಮನ್ನೇ ನೋಡುತ್ತಿದ್ದ.

ಇದು ನನ್ನ ಹೆಂಡತಿ ಗೀತಳ ಐಡಿಯಾ. (ನನ್ನದು ಅಂದರೆ ನೀವೂ ನಂಬುವುದಿಲ್ಲ ಬಿಡಿ. ಹಾಲು ತರಲು ಪಕ್ಕದ ಬೀದಿಗೂ ಸ್ಕೂಟರ್ ತೆಗೆಯುವವನು ನಾನು.) ಮದುವೆಯಾಗಿ ಇಪ್ಪತ್ತೈದು ವರ್ಷ ಆಯಿತಲ್ಲ, ಏನು ಬೇಕೋ ಕೇಳು ಅಂದಿದ್ದೆ. ಓಲೆಯೋ ಊಟಿಯೋ ಕೇಳುತ್ತಾಳೆ ಅಂತ ನನ್ನ ಲೆಕ್ಕಾಚಾರ.

‘ನಮ್ಮ ಮಾಗಡಿಯಿಂದ ನಿಮ್ಮ ಕನಕಪುರಕ್ಕೆ ನಡ್ಕೊಂಡು ಹೋಗೋಣ ರೀ. ಇಷ್ಟು ವರ್ಷ ಬಸ್ಸಿನ ಕಿಟಕಿಯಿಂದ ನೋಡಿದ್ದೇ ಆಯ್ತು. ಒಂದು ಸಲನಾದ್ರೂ ತವರಿಂದ ಗಂಡನ ಮನೆಗೆ ನನ್ನ ಕಾಲಲ್ಲೇ ಹೋಗ್ಬೇಕು’ ಅಂದಳು. ಷರತ್ತು ಒಂದೇ. ದಾರಿಯಲ್ಲಿ ಎಲ್ಲೂ ಗಾಡಿ ಹತ್ತುವಂತಿಲ್ಲ.

ಗೀತಾ ಹೈಸ್ಕೂಲ್ ಟೀಚರ್. ಅವಳಿಗೆ ರಜೆ ಸಿಗುವುದು ದಸರಾಗೆ. ನಮ್ಮ ಕಡೆ ಮಳೆ ಜೋರಾಗಿ ಹಿಡಿದುಕೊಳ್ಳುವುದೂ ಆಗಲೇ. ಏನು ಮಾಡುತ್ತೀರಿ?

ಪ್ಲಾನಿಂಗ್ ನನ್ನ ಇಲಾಖೆ. ಫೋನಿನಲ್ಲಿ ಮೂರು ವೆದರ್ ಆ್ಯಪ್ ಹಾಕಿಕೊಂಡೆ. ಒಂದು ಗುಡುಗು ಅಂದಿತು, ಇನ್ನೊಂದು ತುಂತುರು ಅಂದಿತು, ಮೂರನೆಯದು ಸೂರ್ಯನ ಚಿತ್ರ ತೋರಿಸಿತು. ಮೂರನ್ನೂ ತೆಗೆದುಹಾಕಿ ನೆಂಟರಿಗೆ ಫೋನ್ ಮಾಡಿದೆ. ಮೊದಲ ರಾತ್ರಿ ಕೂಟಗಲ್‌ನಲ್ಲಿ ಭಾಮೈದನ ಮನೆ, ಎರಡನೆಯದು ಚನ್ನಪಟ್ಟಣದಲ್ಲಿ ನನ್ನ ಅತ್ತಿಗೆ ಮನೆ, ಮೂರನೆಯದು ಕಬ್ಬಾಳಿನಲ್ಲಿ ಒಂದು ರೂಮು, ಮಾರನೇ ದಿನ ಕನಕಪುರ. ರಾಮನಗರದಿಂದ ಕನಕಪುರಕ್ಕೆ ನೇರ ರಸ್ತೆ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಆದರೆ ನಮ್ಮ ಒದ್ದೆ ಬಟ್ಟೆ ಒಣಗಿಸಿಕೊಡುವ ನೆಂಟರು ಆ ರಸ್ತೆಯಲ್ಲಿಲ್ಲ. ಶೂಗೆ ತುರುಕಲು ಹಳೇ ಪೇಪರ್ ಕಟ್ಟಿಕೊಂಡೆ. (ಈ ಅಂಕಣ ಬರುವ ಪೇಪರೇ. ನೀರು ಚೆನ್ನಾಗಿ ಹೀರುತ್ತದೆ.)

ಮಳೆಗೆ ಪ್ಲಾನ್ ಇತ್ತು. ಜನಕ್ಕೆ ಇರಲಿಲ್ಲ.

ಮಾಗಡಿ ದಾಟುವ ಮುಂಚೆಯೇ ಒಬ್ಬ ಬೈಕ್ ನಿಲ್ಲಿಸಿದ. ‘ಹತ್ತಿ ಸಾರ್, ಅಕ್ಕನೂ ಕೂರ್ಲಿ, ಮೂರ್ ಜನ ಆರಾಮಾಗಿ ಹೋಗ್ಬೋದು.’ ಬೇಡ ಅಂದರೆ ಮುಖ ಸಣ್ಣದು ಮಾಡಿಕೊಂಡ. ಆಮೇಲೆ ಹಾಲಿನ ಟೆಂಪೊ. ಆಮೇಲೆ ಆಟೋ. ‘ಗಾಡಿ ಕೆಟ್ಟೋಯ್ತಾ?’ ‘ಕಾಸ್ ಕೊಡ್‌ಬ್ಯಾಡಿ, ಬನ್ನಿ ಸಾರ್.’ ಒಬ್ಬ ಯಜಮಾನರಂತೂ ಛತ್ರಿ ಹಿಡಿದು ಅಡ್ಡ ನಿಂತು, ‘ಸರ್ವೆಗ್ ಬಂದಿರೋರಾ? ನಿಜ ಹೇಳಿ, ನಮ್ ಜಮೀನೂ ಹೋಯ್ತದಾ?’ ಅಂತ ಗಾಬರಿಯಿಂದ ಕೇಳಿದರು. ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಭಾಮೈದನ ಫೋನು. ‘ಭಾವ, ಅಕ್ಕನ್ ಜೊತೆ ಏನಾರ ಜಗಳ ಆಯ್ತಾ? ಇಬ್ರೂ ಮಳೇಲಿ ನಡ್ಕಂಡ್ ಬತ್ತಾವ್ರೆ ಅಂತ ಊರೋರೆಲ್ಲ ಫೋನ್ ಮಾಡ್ತಾವ್ರೆ.’

ನೋಡಿ, ಪಾರ್ಕಿನಲ್ಲಿ ಗಾಣದೆತ್ತಿನ ಹಾಗೆ ಸುತ್ತಿದರೆ ಅದು ವಾಕಿಂಗು. ಡಾಕ್ಟರು ಭೇಷ್ ಅನ್ನುತ್ತಾರೆ. ಅದೇ ಊರಿಂದ ಊರಿಗೆ ನಡೆದರೆ ಮನೆಯಲ್ಲಿ ಏನೋ ಎಡವಟ್ಟಾಗಿದೆ ಅಂತ ಅರ್ಥ. ನಮ್ಮ ಜನ ಒಳ್ಳೆಯವರು. ಆದರೆ ಆ ಒಳ್ಳೆಯತನದಿಂದ ತಪ್ಪಿಸಿಕೊಂಡು ನಡೆಯುವುದು ಮಳೆಗಿಂತ ಕಷ್ಟ.

ಕೊನೆಗೆ ಒಬ್ಬ ಕಾರಿನವನು ಬಾಗಿಲನ್ನೇ ತೆರೆದು ಹಿಡಿದಾಗ ಗೀತಾ ತಣ್ಣಗೆ ಅಂದಳು, ‘ಹರಕೆ ಕಣಣ್ಣ. ಕಬ್ಬಾಳಮ್ಮನಿಗೆ.’

ಆತ ಕೈ ಮುಗಿದು, ‘ತಪ್ಪಾಯ್ತು ಕಣಕ್ಕ, ನಡೀರಿ’ ಅಂತ ಬಾಗಿಲು ಹಾಕಿಕೊಂಡು ಹೊರಟುಹೋದ.

‘ಇದೇನೇ ಹೀಗೆ ಬುರುಡೆ ಬಿಡ್ತೀಯ?’ ಅಂದೆ. ‘ಕಬ್ಬಾಳು ದಾರೀಲಿ ಸಿಗುತ್ತೆ ತಾನೆ? ಹೋಗಿ ಕೈ ಮುಗಿದ್ರೆ ಆಯ್ತು’ ಅಂದಳು. ಅಲ್ಲಿಂದ ನಮ್ಮ ರಾಜಯೋಗ ಶುರು. ಲಿಫ್ಟ್ ಕೊಡುವವರು ಹೋದರು, ಕಾಫಿ ಕೊಡುವವರು ಬಂದರು. ಯಾರದೋ ಜಗುಲಿಯಲ್ಲಿ ಕೂತು ಬಿಸಿ ಬೋಂಡ ತಿಂದೆವು. ದೇವರು ದಿಂಡರು ಅಂದರೆ ಮಾರು ದೂರ ಇರುವ ನನಗೂ ‘ಹರಕೆ’ ಅನ್ನುವುದು ಸಲೀಸಾಯಿತು.

ಮೂರನೇ ದಿನ ಎಲ್ಲ ಕೆಟ್ಟಿತು.

ಚನ್ನಪಟ್ಟಣ ಬಿಟ್ಟು ವಿರೂಪಾಕ್ಷಿಪುರದ ಕಡೆ ಬರುವಷ್ಟರಲ್ಲಿ ಮಳೆ ದಪದಪ ಸುರಿಯತೊಡಗಿತು. ನನ್ನ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಗೀತಳ ಮಂಡಿ ಊದಿಕೊಂಡಿತ್ತು. ಒಂದು ಬಸ್ ಶೆಲ್ಟರಿನೊಳಗೆ ನುಗ್ಗಿ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅವಳೇ, ‘ಸಾಕು ರೀ. ಕಬ್ಬಾಳಿನ ಬಸ್ಸು ಬಂದ್ರೆ ಹತ್ತಿಬಿಡೋಣ’ ಅಂದಳು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಇಪ್ಪತ್ತೈದು ವರ್ಷಕ್ಕೆ ಅವಳು ಕೇಳಿದ್ದು ಇದೊಂದೇ.

ಶೆಲ್ಟರಿನಲ್ಲಿ ಆಗಲೇ ಒಬ್ಬ ಹೆಂಗಸು ಕೂತಿದ್ದರು. ತೊಡೆಯ ಮೇಲೆ ಊಟದ ಕ್ಯಾರಿಯರ್ರು. ಅವರು ಚನ್ನಪಟ್ಟಣದ ಬಸ್ಸಿಗೆ ಕಾಯುತ್ತಿದ್ದರು. ‘ಎಲ್ಲಿಗವ್ವ, ಈ ಮಳೇಲಿ ನೆಂದ್ಕಂಡು?’ ಅಂತ ಗೀತಳನ್ನು ಕೇಳಿದರು. ಬಾಯಿಗೆ ಅದೇ ಅಭ್ಯಾಸವಾಗಿತ್ತಲ್ಲ, ‘ಕಬ್ಬಾಳಮ್ಮನಿಗೆ ಹರಕೆ, ನಡ್ಕೊಂಡು ಹೊರಟಿದ್ದೀವಿ’ ಅಂದುಬಿಟ್ಟಳು.

ಆಕೆ ಕ್ಯಾರಿಯರ್ ಕೆಳಗಿಟ್ಟು ಗೀತಳ ಕೈ ಹಿಡಿದುಕೊಂಡರು.

‘ನನ್ ಮಗ್ಳಿಗೆ ಏಳ್ ತಿಂಗ್ಳಿಗೇ ಎರಿಗೆ ಆಗೋಯ್ತು ಕಣವ್ವ. ಮಗೀನ ಗಾಜಿನ್ ಪೆಟ್ಗೇಲಿ ಮಡಗವ್ರೆ. ಅಂಗೈ ಅಷ್ಟೇ ಐತೆ. ನಡ್ಕಂಡ್ ಬಂದು ಬಳೆ ಏರಿಸ್ತೀನಿ ಕಣವ್ವ ಅಂತ ಆ ತಾಯಿಗೆ ಮಾತು ಕೊಟ್ಟಿವ್ನಿ. ಆಸ್ಪತ್ರೆ ಬುಟ್ಟು ಎಂಗ್ ಬರ್ಲಿ ಹೇಳು?’

ಚೀಲದಿಂದ ಹಸಿರು ಗಾಜಿನ ಬಳೆಯ ಪೊಟ್ಟಣ ತೆಗೆದರು. ‘ನೀವು ತಕ್ಕಂಡೋಗ್ರವ್ವ. ನಡ್ಕಂಡೋಗೋರ್ ಕೈಲಿ ಕೊಟ್ರೆ ನಾನೇ ನಡ್ದಂಗೆ.’

ನಿಜ ಹೇಳಿಬಿಡೋಣ ಅಂತ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಗೀತಾ ಎರಡೂ ಕೈ ಒಡ್ಡಿದ್ದಳು. ಚನ್ನಪಟ್ಟಣದ ಬಸ್ಸೂ ಬಂತು. ಆಕೆ ಹತ್ತಿ ಹೋದರು.

ಅದರ ಹಿಂದೆಯೇ ನಮ್ಮ ಬಸ್ಸು. ‘ಕಬ್ಬಾಳು, ಸಾತನೂರು, ಬನ್ನಿ ಬನ್ನಿ!’ ಒಳಗೆ ಸೀಟೆಲ್ಲ ಖಾಲಿ. ಒಣಗಿದ ಸೀಟು. ನಾನು ಗೀತಳ ಮುಖ ನೋಡಿದೆ. ಅವಳು ಅತ್ತಿಗೆ ಕಟ್ಟಿಕೊಟ್ಟಿದ್ದ ಚಪಾತಿ ಡಬ್ಬಿ ಖಾಲಿ ಮಾಡುತ್ತಿದ್ದಳು.

‘ಈ ಚಪಾತಿ ತಿಂದು ಮುಗಿಸಿ. ನಿಮ್ಮ ಒಣ ಟವೆಲ್ ಕೊಡಿ.’

‘ಇರೋದು ಅದೊಂದೇ ಕಣೇ.’

‘ಕೊಡಿ ಅಂದ್ರೆ.’

ಟವೆಲ್ಲಿನೊಳಗೆ ಬಳೆ, ಡಬ್ಬಿಯೊಳಗೆ ಟವೆಲ್ಲು. ಬಸ್ಸು ಹೋಯಿತು. ನಾವು ಮಳೆಗೆ ಇಳಿದೆವು. ಯಾರೂ ನೋಡುತ್ತಿರಲಿಲ್ಲ, ಹತ್ತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಹತ್ತಲು ಆಗಲಿಲ್ಲ. ಅವಳು ಕುಂಟುತ್ತಾ ಮುಂದೆ, ನಾನು ಡಬ್ಬಿ ಹಿಡಿದು ಹಿಂದೆ. ಒಂದು ಕಡೆ ಕೆಸರಿನಲ್ಲಿ ಜಾರಿ ಧೊಪ್ಪನೆ ಕೂತೆ, ಡಬ್ಬಿ ಮಾತ್ರ ಮೇಲೆತ್ತಿ ಹಿಡಿದಿದ್ದೆ. ಗೀತಾ ತಿರುಗಿ ನೋಡಿ, ‘ಬಳೆ?’ ಅಂದಳು. ನನ್ನ ಸೊಂಟದ ಬಗ್ಗೆ ವಿಚಾರಿಸಲಿಲ್ಲ.

ಕಬ್ಬಾಳು ಸೇರಿದಾಗ ಸಂಜೆ. ಪೂಜಾರಿ ಬಳೆ ಇಸಿದುಕೊಂಡು, ‘ಯಾರ್ ಹೆಸ್ರಿಗೆ?’ ಅಂದರು.

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆಕೆಯ ಹೆಸರು ಕೇಳಿಲ್ಲ. ಮಗಳ ಹೆಸರು ಕೇಳಿಲ್ಲ. ಊರು ಗೊತ್ತಿಲ್ಲ, ಫೋನ್ ನಂಬರ್ ಇಲ್ಲ. ನಾಲ್ಕು ದಿನದ ಒದ್ದೆ ಬಟ್ಟೆಗೆ ಪ್ಲಾನ್ ಮಾಡಿದ ಬುದ್ಧಿವಂತ ನಾನು.

‘ಚನ್ನಪಟ್ಟಣದ ಆಸ್ಪತ್ರೇಲಿ ಗಾಜಿನ ಪೆಟ್ಟಿಗೇಲಿ ಒಂದು ಮಗು ಇದೆ. ಅದಕ್ಕೆ’ ಅಂದಳು ಗೀತಾ.

‘ಮಗೀನ್ ಹೆಸ್ರು?’

‘ಇನ್ನೂ ಇಟ್ಟಿಲ್ಲ.’

ಪೂಜಾರಿ ಬಳೆಯನ್ನು ಅಮ್ಮನ ಮುಂದಿಟ್ಟು ಹೂ ಹಾಕಿದರು. ಗೀತಾ ಅತ್ತಳು. ನಾನು ಕೈ ಮುಗಿದೆ. ಯಾರನ್ನೋ ಮೆಚ್ಚಿಸಲು ಮುಗಿದದ್ದಲ್ಲ.

ಮಾರನೇ ದಿನ ಕನಕಪುರಕ್ಕೂ ನಡೆದೇ ಹೋದೆವು. ನನ್ನ ಬೊಬ್ಬೆ ಮಾಯುತ್ತಿದೆ, ಅವಳ ಮಂಡಿಯೂ ಪರವಾಗಿಲ್ಲ. ಆದರೆ ಬೆಳಿಗ್ಗೆ ಕಾಫಿ ಹೊತ್ತಿಗೆ ಗೀತಾ ದಿನಾ ಒಂದೇ ಮಾತು ಕೇಳುತ್ತಾಳೆ.

ಚನ್ನಪಟ್ಟಣ, ವಿರೂಪಾಕ್ಷಿಪುರದ ಸುತ್ತಮುತ್ತ ಇದನ್ನು ಓದುವವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಆ ತಾಯಿ ಸಿಕ್ಕರೆ ಹೇಳಿಬಿಡಿ. ಬಳೆ ತಲುಪಿದೆ, ಒಂದೂ ಒಡೆದಿಲ್ಲ, ನಾವು ಬಸ್ಸು ಹತ್ತಲಿಲ್ಲ.

ಹಾಗೇ ಒಂಚೂರು ಕೇಳಿ ಹೇಳುತ್ತೀರಾ, ಮಗು ಹೇಗಿದೆ?