ಅತ್ತೆ ಬಂದರೆ ಬರುವ ತಲೆನೋವು

ಆಗ ನಾನು ಪರದೇಶದ ವಾರೆನ್ ಎಂಬ ಊರಿನಲ್ಲಿ ಕಾರಿನ ಸೀಟುಗಳನ್ನು ವಿನ್ಯಾಸ ಮಾಡುತ್ತಿದ್ದೆ. ಎರಡು ಸಾವಿರದ ಮೂರರ ಚಳಿಗಾಲದಲ್ಲಿ ಆ ಸೀಟಿನವನಿಗೇ ಕೂರಲು ಆಗದಂತಾಯಿತು. ಮನೆ ಮುಂದಿನ ಡ್ರೈವ್‌ವೇನಲ್ಲಿ ಹಿಮ ಎತ್ತಿ ಹಾಕುವಾಗ ಬೆನ್ನಲ್ಲಿ ಏನೋ ಚುಳಕ್ಕೆಂದಿತ್ತು, ಮರುದಿನದಿಂದ ತಲೆನೋವು. ಒಬ್ಬ ಡಾಕ್ಟರು ಸೈನಸ್ ಎಂದರು, ಇನ್ನೊಬ್ಬರು ಕನ್ನಡಕ ಬದಲಿಸಿದರು. ಮಲಗಿದರೆ ಯಾರ ತಲೆನೋವಾದರೂ ಕಡಿಮೆಯಾಗುತ್ತದೆ, ಅದನ್ನೇನು ಡಾಕ್ಟರಿಗೆ ಹೇಳುವುದು ಎಂದುಕೊಂಡು ನಾನು ರಜೆ ಹಾಕಿ ಸೋಫಾದ ಮೇಲೆ ಉದ್ದಕ್ಕೆ ಬಿದ್ದುಕೊಂಡೆ.

ಅದೇ ಹೊತ್ತಿಗೆ ಹೆಂಡತಿಯ ತಾಯಿ ಮೈಸೂರಿನಿಂದ ಬಂದಿದ್ದರು. ಅತ್ತೆಯ ಮುಂದೆ ಕಾಲು ಚಾಚಿ ಮಲಗುವುದುಂಟೇ? ಅವರು ಹಾಲ್‌ಗೆ ಕಾಲಿಟ್ಟರೆ ಸಾಕು, ದಡಕ್ಕನೆ ಎದ್ದು ನಿಲ್ಲುತ್ತಿದ್ದೆ. ನಿಂತೊಡನೆ ತಲೆ ಸಿಡಿಯುತ್ತಿತ್ತು. ಮುಖ ಕಿವುಚಿಕೊಂಡೇ "ಬನ್ನಿ ಅತ್ತೆ, ಕೂತ್ಕೊಳ್ಳಿ" ಎನ್ನುತ್ತಿದ್ದೆ. ಅವರು ಹೋದ ಮೇಲೆ ಮಲಗುತ್ತಿದ್ದೆ, ನೋವು ಮಾಯ. ಅತ್ತೆ ಅಡುಗೆಮನೆಯಿಂದ ಬಗ್ಗಿ ನೋಡಿದರೆ ಅಳಿಯ ಟೀವಿ ನೋಡಿಕೊಂಡು ಹಾಯಾಗಿ ನಗುತ್ತಿರುವುದು ಕಾಣುತ್ತಿತ್ತು.

ಒಂದು ಸಂಜೆ ಅವರು ಸೂಟ್‌ಕೇಸ್ ಇಳಿಸಿದರು.

"ಟಿಕೆಟ್ ಪ್ರಿಪೋನ್ ಮಾಡ್ಸಮ್ಮ," ಎಂದು ಮಗಳಿಗೆ ಹೇಳಿದರು. "ನಾನು ಬಂದ್ರೆ ಅಳಿಯಂದ್ರಿಗೆ ತಲೆನೋವು, ಹೋದ್ರೆ ವಾಸಿ. ನನಗೇನು ಕಣ್ಣಿಲ್ವಾ? ಬಂದ್ಬಿಡ್ತೀನಿ ಅಂತ ಅಕ್ಕಂಗೂ ಫೋನ್ ಮಾಡಿ ಹೇಳ್ದೆ."

ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ಮಲಗಿದ್ದರೂ ತಲೆ ನೋಯಿತು. ಮರ್ಯಾದೆ ಕೊಡಲು ಹೋಗಿ ಇದ್ದ ಮರ್ಯಾದೆಯನ್ನೂ ಕಳೆದುಕೊಂಡಿದ್ದೆ. ಅತ್ತೆಯ ಕಣ್ಣಲ್ಲಿ ನೀರಿತ್ತು, ನನಗೆ ನಿಜಕ್ಕೂ ಸಂಕಟವಾಯಿತು.

ಮರುವಾರ ನರರೋಗದ ಡಾಕ್ಟರ ಹತ್ತಿರ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋದೆವು. ಮನೆಯಲ್ಲಿ ಬಿಟ್ಟರೆ ಏರ್‌ಪೋರ್ಟಿಗೆ ಹೊರಟುಬಿಡುತ್ತಾರೆಂಬ ಭಯ. ನೋವು ಯಾವಾಗ ಬರುತ್ತದೆ ಎಂದು ಡಾಕ್ಟರು ನನ್ನನ್ನು ಕೇಳಿದರೆ, ಉತ್ತರ ಬಂದದ್ದು ಅತ್ತೆಯಿಂದ.

"ವೆನ್ ಐ ಕಮ್," ಎಂದರು ಎದೆ ಮುಟ್ಟಿಕೊಂಡು. "ಐ ಗೋ, ನೋ ಪೇನ್."

ಡಾಕ್ಟರು ನಗಲಿಲ್ಲ. ನೀವು ಬಂದಾಗ ಇವರು ಏನು ಮಾಡುತ್ತಾರೆ ಎಂದು ಕೇಳಿದರು. ಹೆಂಡತಿ ಕನ್ನಡಕ್ಕೆ ತಿರುಗಿಸಿದಳು.

"ಎದ್ದು ನಿಲ್ತಾರೆ. ಪಾಪ, ಆ ವಿಷಯದಲ್ಲಿ ಮರ್ಯಾದಸ್ಥರು."

"ಹೋದ ಮೇಲೆ?"

"ಮಲಗ್ತಾರೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಮೆದುಳು, ಬೆನ್ನುಹುರಿಗಳ ಸುತ್ತ ಇರುವ ದ್ರವ ಎಲ್ಲೋ ಸೋರುತ್ತಿರಬೇಕು, ಅದಕ್ಕೇ ನಿಂತರೆ ಮೆದುಳು ಕೆಳಕ್ಕೆ ಜಗ್ಗಿ ನೋಯುತ್ತದೆ ಎಂದರು. ಎಂಆರ್‌ಐ ಕೂಡ ಅದನ್ನೇ ಹೇಳಿತು. ಕೊನೆಗೆ ನನ್ನ ತೋಳಿನಿಂದಲೇ ರಕ್ತ ತೆಗೆದು, ಅದನ್ನೇ ಬೆನ್ನಿಗೆ ಚುಚ್ಚಿ, ಸೋರುವ ತೂತಿಗೆ ತೇಪೆ ಹಾಕಿದರು.

ಮನೆಗೆ ಬಂದ ಮೇಲೆ ಅಲುಗಾಡದೆ ಮಲಗಿರಬೇಕೆಂದು ಅಪ್ಪಣೆಯಾಗಿತ್ತು. ಅತ್ತೆ ಗಂಜಿ ಹಿಡಿದು ಒಳಗೆ ಬಂದರು. ನಾನು ಅಭ್ಯಾಸಬಲದಿಂದ ಏಳಹೋದೆ.

"ಏಳ್ಬೇಡಿ, ನನ್ನಾಣೆ!" ಎಂದು ಗದರಿದರು. ಆಮೇಲೆ, ನಾನು ಚಾಚಿದ್ದ ಕಾಲುಗಳ ಪಕ್ಕದಲ್ಲೇ ಕೂತು, ಮೈಸೂರಿಗೆ ಫೋನ್ ಮಾಡಿದರು. ಆ ಕಡೆಯಿಂದ ಹಲೋ ಕೇಳಿಸಿದ್ದೇ ತಡ, ಕೂಗಿಯೇಬಿಟ್ಟರು.

"ಅಕ್ಕಾ, ನಾನಲ್ವಂತೆ ಕಣೇ! ತೂತಂತೆ!"